ಮಿಲಿಟ್ರಿಗೆ ಸೇರಿದರೆ ಡಾಕ್ಟರ್ ಆಗಬಹುದಾ, ಟೀಚರೇ?

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮುಂದೇನು ಮಾಡುವುದು ಎಂದು ನನ್ನ ಸಲಹೆ ಕೇಳಲಿಕ್ಕೆ ಬಂದ ಹುಡುಗನ ಜೊತೆ ಅಮ್ಮ, ಪ್ಲಸ್ ವನ್ ಓದುವ ತಂಗಿ, ಸೋದರಮಾವ ಎಲ್ಲರೂ ಇದ್ದರು. ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವರು. ನನ್ನ ಕೋಣೆಯಲ್ಲಿರುವುದು ಮೂರೇ ಕುರ್ಚಿ, ತಂಗಿ ಬಾಗಿಲ ಹತ್ತಿರವೇ ನಿಂತಳು. ಮಾತು ಶುರು ಮಾಡಿದ್ದು ಮಾವ. ಹದಿನೇಳು ವರ್ಷ ಮಿಲಿಟ್ರಿಯಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು.

"ನೋಡಿ ಟೀಚರೇ, ಇವನಿಗೆ ನೀಟ್‌ನಲ್ಲಿ ಸರ್ಕಾರಿ ಸೀಟಿಗೆ ಸಾಕಾಗುವಷ್ಟು ಮಾರ್ಕು ಬರಲಿಲ್ಲ. ಮಿಲಿಟ್ರಿಗೆ ಸೇರಲಿ. ಒಳಗೆ ಹೋದರೆ ಅವರೇ ಡಾಕ್ಟರ್ ಓದಿಸ್ತಾರೆ. ಒಂದು ಪೈಸೆ ಖರ್ಚಿಲ್ಲ."

ಈ ಮಾತನ್ನು ನಾನು ಬೇರೆ ಮನೆಯವರಿಂದಲೂ ಕೇಳಿದ್ದೇನೆ. ಅರ್ಧ ನಿಜ, ಅದೇ ತೊಂದರೆ. ಮಿಲಿಟ್ರಿ ಖರ್ಚಿಲ್ಲದೆ ಡಾಕ್ಟರ್ ಓದಿಸುವುದು ಹೌದು. ಆದರೆ ಅದಕ್ಕೆ ಸಿಪಾಯಿಯಾಗಿ ಸೇರುವುದಲ್ಲ. ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜಿಗೆ, ಅಂದರೆ 1948ರಲ್ಲಿ ಶುರುವಾದ ಎಎಫ್‌ಎಂಸಿಗೆ, ನೇರವಾಗಿ ಎಂಬಿಬಿಎಸ್ ವಿದ್ಯಾರ್ಥಿಯಾಗಿ ಹೋಗಬೇಕು. ನಮ್ಮ ದೇಶದ ಮಕ್ಕಳಿಗೆ ಅಲ್ಲಿರುವುದು 145 ಸೀಟು. 115 ಹುಡುಗರಿಗೆ, 30 ಹುಡುಗಿಯರಿಗೆ. ಅದಕ್ಕೂ ನೀಟ್ ಬೇಕು. ನೀಟ್ ಅಂಕ ನೋಡಿ ಕರೆದ ಮೇಲೆ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನಸ್ಸಿನ ಪರೀಕ್ಷೆ, ಇಂಟರ್ವ್ಯೂ, ಮೆಡಿಕಲ್. ನೀಟ್‌ನಲ್ಲಿ ಹಿಂದೆ ಬಿದ್ದವರಿಗೆ ಇದು ಸುಲಭದ ದಾರಿಯಲ್ಲ, ಇನ್ನೂ ಕಡಿದಾದದ್ದು.

ಅಗ್ನಿವೀರನಾಗಿ ಸೇರಿದರೆ? 2022ರಲ್ಲಿ ಬಂದ ಆ ಯೋಜನೆಯಲ್ಲಿ ನಾಲ್ಕು ವರ್ಷ ಕೆಲಸ, ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಅದರಲ್ಲಿ ಎಂಬಿಬಿಎಸ್ ಓದಿಸುವ ಮಾತೇ ಇಲ್ಲ. ಮಾವನ ಮನಸ್ಸಿನಲ್ಲಿದ್ದದ್ದು ಬಹುಶಃ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆ. ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿದ ಹುಡುಗರಿಗೆ ಅದು ಒಳ್ಳೆಯ ಕೆಲಸ. ಅಗ್ನಿವೀರ್ ಅಲ್ಲ, ಖಾಯಂ. ಹದಿನೇಳೂವರೆಯಿಂದ ಇಪ್ಪತ್ತಮೂರು ವರ್ಷದೊಳಗಿನವರು ಸೇರಬಹುದು, ನಮ್ಮ ಜಿಲ್ಲೆಯವರಿಗೆ ಭರ್ತಿ ಕೋಯಿಕ್ಕೋಡ್ ಕಚೇರಿಯ ಮೂಲಕ. ಗಾಯ ಕಟ್ಟುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ, ಗಡಿಯಲ್ಲಿ ಜೀವ ಉಳಿಸುತ್ತಾರೆ. ಆದರೆ ಅಲ್ಲಿಂದ ಬಡ್ತಿ ಸಿಕ್ಕಿ ಡಾಕ್ಟರ್ ಆಗುವುದಿಲ್ಲ.

ಇಷ್ಟೆಲ್ಲ ನಾನು ಒಂದೇ ಉಸಿರಿಗೆ ಹೇಳಿದೆ. ಅದು ನನ್ನ ತಪ್ಪು. ಅರ್ಧ ಗಂಟೆ ಆದ ಮೇಲೆ ನೋಡುತ್ತೇನೆ, ಹುಡುಗ ಒಂದು ಅಕ್ಷರ ಬರೆದುಕೊಂಡಿಲ್ಲ. ಬೆರಳಿನ ಉಗುರು ಕೀಳುತ್ತ ಕೂತಿದ್ದಾನೆ. ಉಳಿದವರನ್ನು ಕೆಳಗಿನ ಹೋಟೆಲಿಗೆ ಚಾ ಕುಡಿಯಲಿಕ್ಕೆ ಕಳಿಸಿದೆ.

"ನಿನಗೆ ಮಿಲಿಟ್ರಿ ಇಷ್ಟವಾ?"

"ಗೊತ್ತಿಲ್ಲ ಟೀಚರ್." ಸ್ವಲ್ಪ ಹೊತ್ತು ಸುಮ್ನಿದ್ದ. "ಆದರೆ ಅಪ್ಪನ ಹತ್ತಿರ ಇನ್ನು ದುಡ್ಡು ಕೇಳಲಿಕ್ಕೆ ಆಗುದಿಲ್ಲ."

ಹೋದ ಮಳೆಗಾಲ ಕೊಳೆರೋಗಕ್ಕೆ ಅಡಿಕೆ ಎಲ್ಲ ಉದುರಿತ್ತು. ಕೋಚಿಂಗ್ ಫೀಸು ಕಟ್ಟಿದ್ದು ಸಾಲ ಮಾಡಿ. ಈ ಹುಡುಗ ದಿನಾ ಬದಿಯಡ್ಕಕ್ಕೆ ಬಸ್ಸಿನಲ್ಲಿ ಬರುವಾಗ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ನೋಡುತ್ತಾನೆ. 2013ರಲ್ಲಿ ಅಡಿಗಲ್ಲು ಹಾಕಿದ ಕಾಲೇಜು, ಎಂಬಿಬಿಎಸ್‌ಗೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ, 50 ಸೀಟಿಗೆ. "ಅಲ್ಲಿಯೇ ಸಿಕ್ಕಿದ್ದರೆ ಮನೆಯಿಂದ ಹೋಗಿ ಬರಬಹುದಿತ್ತು" ಎಂದ. ಮನೆ ಬಿಟ್ಟು ದೂರ ಹೋಗುವ ಆಸೆ ಇರುವವನು ಆಡುವ ಮಾತಲ್ಲ ಅದು, ಅಲ್ವಾ?

ಅಲ್ಲಿಗೆ ನನಗೆ ಗೊತ್ತಾಯಿತು. ಅವನಿಗೆ ಬೇಕಿದ್ದದ್ದು ಡಾಕ್ಟರ್ ಕೋಟು. ಸಮವಸ್ತ್ರದ ಮಾತು ಬಂದದ್ದು ಅಪ್ಪನ ಸಾಲದಿಂದ.

ಹಾಗಾಗಿ ಬಾಂಡಿನ ವಿಷಯ ಅವನಿಗೊಬ್ಬನಿಗೇ ನಿಧಾನವಾಗಿ ಹೇಳಿದೆ. ಎಎಫ್‌ಎಂಸಿಯಲ್ಲಿ ಓದಿದವರು ಅಧಿಕಾರಿಯಾಗಿ ಸೇವೆ ಮಾಡಲೇಬೇಕು. ಕಾಯಂ ಕಮಿಷನ್, ಅಂದರೆ ಕಾಯಂ ಅಧಿಕಾರಿ ಹುದ್ದೆ, ಸಿಕ್ಕಿದರೆ ನಿವೃತ್ತಿವರೆಗೆ, ಶಾರ್ಟ್ ಸರ್ವಿಸ್, ಅಂದರೆ ಇಂತಿಷ್ಟೇ ವರ್ಷದ ಸೇವೆ, ಆದರೆ ಏಳು ವರ್ಷ. ಓದು, ಇಂಟರ್ನ್‌ಶಿಪ್ ಸೇರಿಸಿ ಲೆಕ್ಕ ಹಾಕು, ಊರಿಗೆ ಬರುವಾಗ ವಯಸ್ಸು ಎಷ್ಟಾಗುತ್ತದೆ? ಅವನು ಬೆರಳು ಮಡಚಿ ಎಣಿಸಿದ. "ಮೂವತ್ತು ದಾಟುತ್ತದೆ!" ಇನ್ನೊಂದು ದಾರಿಯನ್ನೂ ಹೇಳಿದೆ. ಎಲ್ಲಿಯಾದರೂ ಎಂಬಿಬಿಎಸ್ ಮುಗಿಸಿ, ಮೂವತ್ತರೊಳಗೆ ಅರ್ಜಿ ಹಾಕಿ ಶಾರ್ಟ್ ಸರ್ವಿಸ್ ಡಾಕ್ಟರ್ ಆಗಿ ಮಿಲಿಟ್ರಿ ಸೇರಬಹುದು. ಮೊದಲಿಗೆ ಐದು ವರ್ಷ, ಆಮೇಲೆ ಹದಿನಾಲ್ಕರವರೆಗೆ ಮುಂದುವರಿಸಬಹುದು. ಅಂದರೆ ಮಿಲಿಟ್ರಿ ಬೇಕೋ ಬೇಡವೋ ಎಂದು ಇವತ್ತೇ ನಿರ್ಧರಿಸಬೇಕಾಗಿಲ್ಲ.

ಚಾ ಕುಡಿದು ಬಂದವರ ಎದುರು ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಅಪ್ಪನ ಹತ್ತಿರ ಕೂತು ಸಾಲದ ನಿಜವಾದ ಲೆಕ್ಕ ಕೇಳಬೇಕು, ಅವನೇ ಊಹಿಸಿಕೊಂಡದ್ದನ್ನು ನಂಬಬಾರದು. ಇನ್ನು ಒಂದೇ ಒಂದು ಸಲ ನೀಟ್, ಕೋಚಿಂಗ್ ಹಾಸ್ಟೆಲ್ ಬೇಡ, ಮನೆಯಿಂದಲೇ. ಅದೇ ವರ್ಷ ನರ್ಸಿಂಗ್ ಅಸಿಸ್ಟೆಂಟ್ ಭರ್ತಿಗೂ ಅರ್ಜಿ ಹಾಕಲಿ, ಆದರೆ ಅದು ಯಾವ ಕೆಲಸ ಎಂದು ಗೊತ್ತಿದ್ದುಕೊಂಡು. ಆ ಕೆಲಸ ಮಾಡಿ ನಿವೃತ್ತರಾದ ಒಬ್ಬರನ್ನು ಹುಡುಕಿ ಅವನ ಹತ್ತಿರ ಕೂರಿಸುವ ಜವಾಬ್ದಾರಿ ಮಾವನದು. ಮಾವ ಸ್ವಲ್ಪ ಪೆಚ್ಚಾಗಿದ್ದರು, ಈ ಕೆಲಸ ಕೊಟ್ಟದ್ದರಿಂದ ಚುರುಕಾದರು. ಪಾಪ, ಅವರು ಅಳಿಯನ ಒಳ್ಳೆಯದಕ್ಕೇ ಹೇಳಿದ್ದು. ಮತ್ತೆ ಇಂಗ್ಲಿಷ್. ಹತ್ತರವರೆಗೆ ಕನ್ನಡ ಮಾಧ್ಯಮ ಅವನದು. ಎಎಫ್‌ಎಂಸಿ ಕರೆದರೆ ಮುಗ್ಗರಿಸುವುದು ಅಲ್ಲೇ. ದಿನಾ ಇಂಗ್ಲಿಷ್ ಪೇಪರಿನ ಒಂದು ಸುದ್ದಿ ಓದಿ, ಅದನ್ನು ಗಟ್ಟಿಯಾಗಿ ಯಾರಿಗಾದರೂ ಹೇಳಬೇಕು.

ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತಿದ್ದ ತಂಗಿ ಕೇಳಿದಳು. "ಹುಡುಗಿಯರಿಗೆ ಆ ಮೂವತ್ತು ಸೀಟು ಮಾತ್ರವಾ ಟೀಚರ್?"

ಇಲ್ಲ ಎಂದೆ. ಮಿಲಿಟರಿ ನರ್ಸಿಂಗ್ ಸರ್ವಿಸ್ ಇದೆ. ಹುಡುಗಿಯರಿಗೆ ಮಾತ್ರ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್, ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯಲ್ಲೂ ಇದೆ, ಪುಣೆಯಲ್ಲೂ ಇದೆ. ಅದಕ್ಕೂ ನೀಟ್ ಅಂಕವೇ. ಮುಗಿಸಿದರೆ ಲೆಫ್ಟಿನೆಂಟ್.

ಮೂರು ತಿಂಗಳ ಮೇಲೆ ಅಮ್ಮ ಫೋನ್ ಮಾಡಿದ್ದರು. ಅಪ್ಪ ಮಗ ಮಾತಾಡಿದ್ದಾರಂತೆ, ಸಾಲ ಇವನು ಅಂದುಕೊಂಡದ್ದರ ಅರ್ಧವೂ ಇಲ್ಲವಂತೆ. ಸಂಜೆ ಜಗಲಿಯಲ್ಲಿ ಅವನು ಇಂಗ್ಲಿಷ್ ಸುದ್ದಿ ಹೇಳುವುದು ತಂಗಿಗೆ. ತಪ್ಪು ಹೇಳಿದರೆ ಅವಳು ಬಿಡುವುದಿಲ್ಲವಂತೆ.