ಪಂಕ್ತಿಯಲ್ಲಿ ಕೂತರೆ ಏಳೋಕಾಗಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 66 ವರ್ಷ. ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿಗೆ ಒಂದು ಮಾತ್ರೆ. ದಿನಾ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ. ಹೋದ ತಿಂಗಳು ನೆಂಟರ ಮದುವೆಯಲ್ಲಿ ಎಷ್ಟೋ ವರ್ಷದ ಮೇಲೆ ನೆಲದ ಪಂಕ್ತಿಯಲ್ಲಿ ಕೂತೆ. ಊಟ ಮುಗಿದ ಮೇಲೆ ಏಳೋಕೇ ಆಗಲಿಲ್ಲ. ಬಡಿಸುತ್ತಿದ್ದ ಇಬ್ಬರು ಹುಡುಗರು ಕಂಕುಳಿಗೆ ಕೈ ಹಾಕಿ ಎತ್ತಿದರು. ಅದರಲ್ಲೊಬ್ಬ ನನ್ನ ಹಳೇ ವಿದ್ಯಾರ್ಥಿ! ಅವತ್ತಿನಿಂದ ಎಲ್ಲಿ ಹೋದರೂ ಟೇಬಲ್ ಊಟವೇ. ‘ವಯಸ್ಸಾಯ್ತು, ಸುಮ್ನಿರಿ’ ಅಂತಾಳೆ ಮನೆಯವಳು. ಇಷ್ಟು ನಡೆದರೂ ಮೈ ಹೀಗೇಕೆ ಬಿಗಿಯಿತು?
— ಒಬ್ಬ ಓದುಗರು, ತಿಪಟೂರು

ಉತ್ತರ: ಮೇಷ್ಟ್ರೇ, ನಡಿಗೆ ಮಾತ್ರ ಬಿಡಬೇಡಿ. ಹೃದಯಕ್ಕೆ, ಬಿಪಿಗೆ ಅದು ಬೇಕೇ ಬೇಕು. ಆದರೆ ಮಟ್ಟಸವಾದ ರಸ್ತೆಯಲ್ಲಿ ನಡೆಯುವಾಗ ಮಂಡಿ ಮಡಿಯುವುದು ಸುಮಾರು 60 ಡಿಗ್ರಿ ಅಷ್ಟೇ. ಕುಕ್ಕರಗಾಲಲ್ಲಿ ಕೂರಲು 130 ಡಿಗ್ರಿಗಿಂತ ಜಾಸ್ತಿ ಬೇಕು. ಚಕ್ಕಳಮಕ್ಕಳ ಹಾಕಬೇಕಾದರೆ ತೊಡೆ ಹೊರಗಡೆಗೂ ತಿರುಗಬೇಕು. ನಡಿಗೆಯಲ್ಲಿ ಆ ಕೆಲಸ ಬರುವುದೇ ಇಲ್ಲ. ನಾಲ್ಕಲ್ಲ, ಹತ್ತು ಕಿಲೋಮೀಟರ್ ನಡೆದರೂ ಅದೇ ಅರ್ಧ ಮಗ್ಗಿಯನ್ನು ಸಾವಿರ ಸಲ ಒಪ್ಪಿಸಿದ ಹಾಗೆ.

ಒಂದು ಊಹೆ ಮಾಡಲೇ? ನಿಮ್ಮ ಮನೆಯಲ್ಲಿ ಕಮೋಡ್ ಬಂದು ಸುಮಾರು ವರ್ಷವಾಗಿದೆ. ಊಟಕ್ಕೆ ಡೈನಿಂಗ್ ಟೇಬಲ್, ಪೇಪರಿಗೆ ಕುರ್ಚಿ, ದೇವರ ಮುಂದೆಯೂ ಮಣೆ ಹೋಗಿ ಸ್ಟೂಲ್ ಬಂದಿದೆ. ದಿನಕ್ಕೆ ಒಂದು ಸಲವಾದರೂ ನೆಲಕ್ಕಿಳಿಯುವ ಕಾರಣವೇ ಉಳಿದಿಲ್ಲ, ಅಲ್ವಾ? ವಯಸ್ಸಿನ ಪಾಲು ಇಲ್ಲವೇ ಇಲ್ಲ ಅನ್ನೋದಿಲ್ಲ. ವಯಸ್ಸಾದ ಹಾಗೆ ಕೀಲಿನ ಸುತ್ತಲಿನ ಪೊರೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ಎರಡೂ ಗಡುಸಾಗುತ್ತವೆ. ಆದರೆ ನನ್ನ ಹತ್ತಿರ ಬರುವವರನ್ನು ನೋಡಿದರೆ ವಯಸ್ಸಿಗಿಂತ ಕುರ್ಚಿಯ ತಪ್ಪೇ ಜಾಸ್ತಿ ಅನ್ನಿಸುತ್ತೆ. (ಎಲ್ಲರೂ ‘ನರ ಹಿಡ್ಕೊಂಡಿದೆ ಮೇಡಂ’ ಅಂತಲೇ ಬರುತ್ತಾರೆ. ಬಹಳ ಸಲ ಅದು ನರ ಅಲ್ಲ, ಸ್ನಾಯು.)

ನಿಮಗೆ ಬುದ್ಧಿ ಹೇಳುವ ಮುಂಚೆ ನನ್ನದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಫಿಸಿಯೋಥೆರಪಿ ಮಾಡಿಸುತ್ತಿರುವವಳು ನಾನು. 52ನೇ ವಯಸ್ಸಿನಲ್ಲಿ ನನ್ನದೇ ಬಲಭುಜ ನೋಯಲು ಶುರುವಾಯಿತು. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿದ್ದ ಹುಣಸೆಹಣ್ಣಿನ ಡಬ್ಬಕ್ಕೆ ಕೈ ಚಾಚಿದರೆ ಚುಳ್ ಅನ್ನುತ್ತಿತ್ತು. ಡಬ್ಬವನ್ನು ಕೆಳಗಿನ ಶೆಲ್ಫಿಗೆ ತಂದೆ. ಆಮೇಲೆ ಬೆಲ್ಲ, ಆಮೇಲೆ ಅವಲಕ್ಕಿ. ಮೂರು ತಿಂಗಳಲ್ಲಿ ಮೇಲಿನ ಶೆಲ್ಫ್ ಪೂರ್ತಿ ಖಾಲಿ. ಅಷ್ಟರಲ್ಲಿ ಜಡೆ ಹೆಣೆಯಲು ಮಗಳನ್ನು ಕರೆಯುವ ಹಾಗಾಗಿತ್ತು. ಬೇರೆಯವರ ಭುಜ ಹಿಡಿದುಕೊಂಡಿದ್ದರೆ ಒಂದೇ ನೋಟಕ್ಕೆ ಹೇಳುವವಳು ನನ್ನದನ್ನು ಗಮನಿಸಲೇ ಇಲ್ಲ. ಸರಿಹೋಗಲು ಒಂದೂವರೆ ವರ್ಷ ಹಿಡಿಯಿತು. ನೀವು ಟೇಬಲ್ ಊಟಕ್ಕೆ ಹೋಗಿದ್ದು ಓದಿದಾಗ ನನಗೆ ನೆನಪಾಗಿದ್ದು ಆ ಹುಣಸೆಹಣ್ಣಿನ ಡಬ್ಬ.

ನೆಲದಿಂದ ಏಳುವುದನ್ನೇ ಒಂದು ಪರೀಕ್ಷೆ ಮಾಡಿದವರಿದ್ದಾರೆ. ಬ್ರೆಜಿಲ್‌ನ ವೈದ್ಯರು 51ರಿಂದ 80 ವರ್ಷದ 2,002 ಜನರನ್ನು ನೆಲದ ಮೇಲೆ ಕೂರಿಸಿ ಏಳಿಸಿ ನೋಡಿದರು. ವರದಿ ಬಂದಿದ್ದು 2012ರಲ್ಲಿ. ಕೂರಲು 5 ಅಂಕ, ಏಳಲು 5 ಅಂಕ. ಕೈಯನ್ನೋ ಮಂಡಿಯನ್ನೋ ಊರಿದರೆ ಸಲಕ್ಕೊಂದು ಅಂಕ ಕಡಿತ, ತೂರಾಡಿದರೆ ಅರ್ಧ. ಕಡಿಮೆ ಅಂಕ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಕಂಡಿತು. ಹೆದರಬೇಡಿ, ನೆಲದ ಮೇಲೆ ಕೂತರೆ ಆಯಸ್ಸು ಬೆಳೆಯುತ್ತೆ ಅಂತ ಇದರ ಅರ್ಥವಲ್ಲ. ಬೇರೆ ಕಾಯಿಲೆಯಿಂದ ಸೋತವರಿಗೂ ಅಂಕ ಕಡಿಮೆಯೇ ಬರುತ್ತೆ. ನಮ್ಮಜ್ಜಿಯರಂತೂ ಈಳಿಗೆಮಣೆ, ಒರಳು, ರಂಗೋಲಿ ಅಂತ ದಿನಕ್ಕೆ ಹತ್ತು ಸಲ ಈ ಪರೀಕ್ಷೆ ಬರೆಯುತ್ತಿದ್ದರು.

ಈಗ ಕೆಲಸಕ್ಕೆ ಬರೋಣ. ಮೊದಲು ಏಳುವುದನ್ನು ಕಲಿಯಿರಿ, ಕೂರುವುದು ಆಮೇಲೆ. ಅವತ್ತು ನೀವು ಕೂತಲ್ಲಿಂದ ನೇರ ಮೇಲೇಳಲು ನೋಡಿರುತ್ತೀರಿ. ಹಾಗಲ್ಲ. ಪಕ್ಕಕ್ಕೆ ತಿರುಗಿ ಎರಡೂ ಕೈ ನೆಲಕ್ಕೆ ಊರಿ, ಮಗುವಿನ ಹಾಗೆ ಅಂಬೆಗಾಲಿಗೆ ಬನ್ನಿ. ಒಂದು ಪಾದ ಮುಂದಿಡಿ. ಮಂಚದ ಅಂಚು ಹಿಡಿದು ಏಳಿ. ಮನೆಯಲ್ಲಿ ಯಾರಾದರೂ ಇದ್ದಾಗ ಮಂಚದ ಪಕ್ಕದಲ್ಲೇ ದಿನಕ್ಕೆ ಎರಡು ಸಲ ಮಾಡಿ. ಏಳೋಕೆ ಬರುತ್ತೆ ಅಂತ ಗೊತ್ತಾದರೆ ಕೂರುವ ಭಯ ತಾನಾಗಿ ಇಳಿಯುತ್ತೆ. ಭಯ ಇದ್ದಾಗ ಮೈ ಇನ್ನೂ ಬಿಗಿಯುತ್ತೆ.

ಕೂರಲು ಎರಡು ಗಟ್ಟಿ ದಿಂಬು ಹಾಕಿಕೊಳ್ಳಿ. ಮಂಡಿಗಳು ಸೊಂಟಕ್ಕಿಂತ ಕೆಳಗಿರಬೇಕು. ಐದು ನಿಮಿಷ ಪೇಪರ್ ಓದಿ. ಎರಡು ಮೂರು ವಾರಕ್ಕೊಮ್ಮೆ ಎತ್ತರ ಸ್ವಲ್ಪ ಇಳಿಸಿ. ಕೊನೆಗೆ ಒಂದು ಮಡಿಸಿದ ಜಮಖಾನ ಉಳಿದರೆ ಉಳಿಯಲಿ ಬಿಡಿ. ಮೀನಖಂಡಕ್ಕೆ ಗೋಡೆಗೆ ಕೈ ಊರಿ ಒಂದು ಕಾಲು ಹಿಂದಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ. ನಿಮ್ಮ ವಯಸ್ಸಿನಲ್ಲಿ ಎಳೆತವನ್ನು 30ರಿಂದ 60 ಸೆಕೆಂಡ್ ಹಿಡಿಯಬೇಕು. ಜಗ್ಗಬಾರದು, ಕುಣಿಸಬಾರದು. ಎದ್ದ ಕೂಡಲೇ ಬೇಡ, ನಡೆದು ಬಂದ ಮೇಲೆ ಮೈ ಬೆಚ್ಚಗಿದ್ದಾಗ ಮಾಡಿ. ಎಳೆದ ಹಾಗಾದರೆ ಸರಿ, ಚುಚ್ಚಿದರೆ ನಿಲ್ಲಿಸಿ. ಮಂಡಿ ಊದಿದ್ದರೆ, ಮಧ್ಯೆ ಸಿಕ್ಕಿಕೊಳ್ಳುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಅಂದ ಹಾಗೆ, ಆ ಹಳೇ ವಿದ್ಯಾರ್ಥಿಯ ಬಗ್ಗೆ ಮುಜುಗರ ಬೇಡ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೀವೇ ತಾನೇ?

ಪ್ರಶ್ನೆ: ನನಗೆ 71. ಆಸ್ಟಿಯೋಪೊರೋಸಿಸ್ ಅಂದಿದ್ದಾರೆ. ಮೊಬೈಲ್‌ನಲ್ಲಿ ನೋಡಿ ಬಗ್ಗಿ ಕಾಲ್ಬೆರಳು ಮುಟ್ಟುವುದನ್ನು ಮಾಡಬಹುದೇ?
— ಗೃಹಿಣಿ, ಶಿವಮೊಗ್ಗ

ಉತ್ತರ: ಬೇಡಮ್ಮ. ಮೂಳೆ ಟೊಳ್ಳಾಗಿರುವಾಗ ಬೆನ್ನು ಗೂನು ಮಾಡಿ ಮುಂದಕ್ಕೆ ಬಗ್ಗಿದರೆ ಬೆನ್ನುಮೂಳೆಯ ಮಣಿ ಕುಸಿಯಬಹುದು. ಸೊಂಟ ಜೋರಾಗಿ ತಿರುಚುವುದೂ ಬೇಡ. ಮೇಷ್ಟ್ರಿಗೆ ಹೇಳಿದ ಗೋಡೆಯ ವ್ಯಾಯಾಮ ನಿಮಗೂ ಆಗುತ್ತೆ. ಕಾಲುಗುರು ಕತ್ತರಿಸಲು ಬಗ್ಗುತ್ತೀರಲ್ಲ, ಅದನ್ನೂ ಬಿಡಿ. ಕುರ್ಚಿಯಲ್ಲಿ ನೆಟ್ಟಗೆ ಕೂತು ಪಾದವನ್ನೇ ಇನ್ನೊಂದು ತೊಡೆಯ ಮೇಲೆ ತಂದುಕೊಳ್ಳಿ. ಅಷ್ಟು ಮೇಲೆ ಬರದಿದ್ದರೆ ಸದ್ಯಕ್ಕೆ ಉಗುರು ಸೊಸೆಯೋ ಮೊಮ್ಮಗಳೋ ಕತ್ತರಿಸಲಿ. ನೀವು ದಿನಾ ಬರುವಷ್ಟಕ್ಕೆ ಪಾದ ತಂದು ಅರ್ಧ ನಿಮಿಷ ಹಿಡಿದು ಬಿಡಿ.