ಕೆಂಪು ಟೋಪಿಯವರು ದುಡ್ಡು ಕೇಳಿದರೆ ಕೊಡಬೇಕಾ?

ಪ್ರಶ್ನೆ: ನಮ್ಮೂರಲ್ಲಿ ಮಿಲಿಟರಿ ಕ್ಯಾಂಪ್ ಇದೆ. ಡಿಗ್ರಿ ಓದುತ್ತಿರುವ ಮಗ ಕಳೆದ ಭಾನುವಾರ ಅದರ ಕಾಂಪೌಂಡ್ ಪಕ್ಕದ ರಸ್ತೆಯಲ್ಲಿ ಗೆಳೆಯರ ಜೊತೆ ರೀಲ್ಸ್ ಮಾಡುತ್ತಿದ್ದ. ಕೆಂಪು ಟೋಪಿ ಹಾಕಿದ ಇಬ್ಬರು ಬೈಕಲ್ಲಿ ಬಂದು, ತಾವು ಮಿಲಿಟರಿ ಪೊಲೀಸ್ ಎಂದು ಹೇಳಿ ಫೋನ್ ಕಿತ್ತುಕೊಂಡರು. ನಾನು ಓಡಿಹೋದೆ. ‘ಬೇಹುಗಾರಿಕೆ ಕೇಸ್ ಆಗುತ್ತೆ, ಹುಡುಗನ ಜೀವನ ಮುಗೀತು, 15 ಸಾವಿರ ಕೊಟ್ಟರೆ ಇಲ್ಲೇ ಬಿಡ್ತೀವಿ’ ಅಂದರು. ಅಷ್ಟಿಲ್ಲ ಅಂತ ಗೋಗರೆದು 8 ಸಾವಿರ ಫೋನ್‌ಪೇ ಮಾಡಿದೆ. ಅವರಿಗೆ ಹೀಗೆ ಹಿಡಿಯುವ ಅಧಿಕಾರ ಇದೆಯಾ ಸರ್? ದುಡ್ಡನ್ನು ನಾನೇ ಕೈಯಾರೆ ಕೊಟ್ಟಿದ್ದೇನೆ. ಈಗ ದೂರು ಕೊಟ್ಟರೆ ನನ್ನ ಮೇಲೇ ಕೇಸ್ ಆಗುತ್ತಾ?

ಉತ್ತರ: ‘ನಾನೇ ಕೈಯಾರೆ ಕೊಟ್ಟೆ’ ಎಂಬ ಮಾತು ನಿಮ್ಮನ್ನು ಕೊರೆಯುತ್ತಿದೆ, ಅಲ್ವಾ? ಅಲ್ಲಿಂದಲೇ ಶುರು ಮಾಡೋಣ.

ಕಳ್ಳ ನಿಮಗೆ ಗೊತ್ತಿಲ್ಲದೆ ಒಯ್ಯುತ್ತಾನೆ. ಇಲ್ಲಿ ನಿಮ್ಮಲ್ಲಿ ಭಯ ಹುಟ್ಟಿಸಿ, ನಿಮ್ಮ ಕೈಯಿಂದಲೇ ಕೊಡಿಸಿಕೊಂಡಿದ್ದಾರೆ. ಅದೇ ಈ ಅಪರಾಧದ ಗುರುತು. ಕಾನೂನು ಇದನ್ನು ಸುಲಿಗೆ ಎನ್ನುತ್ತದೆ. ಚಾಕು ತೋರಿಸಿ ಸರ ಕಿತ್ತರೂ ಪೇಪರ್‌ನವರು ಸುಲಿಗೆ ಅಂತಲೇ ಬರೆಯುತ್ತಾರೆ. ಹಾಗಾಗಿ ಸ್ಟೇಷನ್‌ನಲ್ಲಿ ‘ಹೆದರಿಸಿ ದುಡ್ಡು ವಸೂಲಿ ಮಾಡಿದರು’ ಎಂದೇ ಹೇಳಿ, ಗೊಂದಲ ಆಗುವುದಿಲ್ಲ. ನೀವು ಕೈಯಾರೆ ಕೊಟ್ಟಿದ್ದು ನಿಮ್ಮ ತಪ್ಪಲ್ಲ, ಅವರ ಅಪರಾಧಕ್ಕೆ ಸಾಕ್ಷಿ.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಸುಲಿಗೆ 308ನೇ ಸೆಕ್ಷನ್. ಹಳೇ ಕಾನೂನಿನಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲಿತ್ತು, ಈಗ 7 ವರ್ಷದವರೆಗೆ. ಜೀವಾವಧಿ ಅಥವಾ 10 ವರ್ಷ ಜೈಲು ಆಗುವಂಥ ಕೇಸಲ್ಲಿ ಸಿಕ್ಕಿಸುತ್ತೇವೆ ಎಂದು ಹೆದರಿಸಿ ಕಿತ್ತರೆ 10 ವರ್ಷದವರೆಗೂ ಹೋಗುತ್ತದೆ. ಬೇಹುಗಾರಿಕೆ ಅನ್ನೋ ಪದ ಬಳಸಿದ್ದಾರಲ್ಲ, ಆ ಮಾತನ್ನು ಅವರು ಹೇಳಿದ ಹಾಗೆಯೇ ದೂರಿನಲ್ಲಿ ಬರೆಯಿರಿ. ಮಗ ನಿಜವಾಗಿ ತಪ್ಪು ಮಾಡಿದ್ದನೋ ಇಲ್ಲವೋ ಎಂಬುದು ಬೇರೆ ವಿಷಯ. ತಪ್ಪು ಮಾಡಿದ್ದರೂ ಅದನ್ನು ತೋರಿಸಿ ದುಡ್ಡು ಕೀಳುವ ಹಕ್ಕು ಯಾರಿಗೂ ಇಲ್ಲ.

ಇನ್ನು ಅಧಿಕಾರದ ವಿಷಯ. ಮಿಲಿಟರಿ ಪೊಲೀಸರು ಸೈನ್ಯದೊಳಗಿನ ಪೊಲೀಸರು. ಕೆಂಪು ಟೋಪಿ, ಬಿಳಿ ಬೆಲ್ಟು, ತೋಳಿಗೆ ‘ಎಂಪಿ’ ಅಂತ ಕೆಂಪಕ್ಷರ ಇರುವ ಕಪ್ಪು ಪಟ್ಟಿ. ಅವರ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ರೈಲ್ವೆ ಸ್ಟೇಷನ್‌ನಲ್ಲಿ ರಜೆಗೆ ಹೊರಟ ಸೈನಿಕರನ್ನು ನಿಲ್ಲಿಸಿ ಕಾಗದ ನೋಡುವವರು ಇವರೇ. 1950ರ ಸೇನಾ ಕಾಯ್ದೆಯ 107ನೇ ಸೆಕ್ಷನ್‌ನಿಂದ ಇವರಿಗೆ ಬಂಧಿಸುವ ಅಧಿಕಾರ ಬರುತ್ತದೆ. ಅದು ಆ ಕಾಯ್ದೆಯ ವ್ಯಾಪ್ತಿಯಲ್ಲಿರುವವರ ಮೇಲೆ ಮಾತ್ರ. ಅಂದರೆ ಸೈನಿಕರು, ಮತ್ತು ಶಿಬಿರ, ಗಡಿ, ಯುದ್ಧಭೂಮಿಯಲ್ಲಿ ಸೇನೆಯ ಜೊತೆಗೇ ಇರುವ ಕೆಲವು ನಾಗರಿಕರು. ಸೈನ್ಯದೊಳಗೂ ಇವರು ಇಷ್ಟಬಂದಂತೆ ಮಾಡುವ ಹಾಗಿಲ್ಲ. ಅಧಿಕಾರಿಯೊಬ್ಬರನ್ನು ಹಿಡಿಯಬೇಕಾದರೆ ಇನ್ನೊಬ್ಬ ಅಧಿಕಾರಿಯ ಆದೇಶ ಬೇಕು. ರಸ್ತೆಯಲ್ಲಿ ನಿಂತ ಡಿಗ್ರಿ ಹುಡುಗ ಈ ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಕ್ಯಾಂಪ್ ಗೋಡೆ ಹತ್ತಿರ ಏನು ಬೇಕಾದರೂ ಮಾಡಬಹುದು ಅಂತಲ್ಲ. ‘ಫೋಟೋ ತೆಗೆಯುವಂತಿಲ್ಲ’ ಬೋರ್ಡ್ ಸುಮ್ನೆ ಹಾಕಿರುವುದಿಲ್ಲ, ಅಧಿಕೃತ ರಹಸ್ಯಗಳ ಕಾಯ್ದೆ 1923ರಿಂದಲೂ ಇದೆ. ಗೇಟಿನೊಳಗೆ ಮಿಲಿಟರಿಯವರು ತಪಾಸಣೆ ಮಾಡಬಹುದು, ಒಳಗೆ ಬಿಡದೆ ಇರಬಹುದು, ಅನುಮಾನ ಬಂದರೆ ಸ್ಥಳೀಯ ಪೊಲೀಸರನ್ನು ಕರೆಯಬಹುದು. ಕಣ್ಣೆದುರು ಗಂಭೀರ ಅಪರಾಧ ನಡೆದರೆ ನಾನು ನೀವು ಕೂಡ ಆಸಾಮಿಯನ್ನು ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಇದು ಬಂಧನ, ತನಿಖೆಯ ನಿಯಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ಯಾವ ದಾರಿ ಹಿಡಿದರೂ ಕೊನೆಗೆ ಪೊಲೀಸ್ ಸ್ಟೇಷನ್ ಬರುತ್ತದೆ. ರಸ್ತೆಯಲ್ಲೇ ‘ಸೆಟಲ್’ ಮಾಡುವ ದಾರಿ ಯಾವ ಕಾನೂನಿನಲ್ಲೂ ಇಲ್ಲ.

ನನಗೆ ಅನ್ನಿಸುವುದು, ಅವರು ನಕಲಿಗಳು. ಟೋಪಿ, ಬೆಲ್ಟು ಅಂಗಡಿಯಲ್ಲೂ ಸಿಗುತ್ತವೆ. ನಕಲಿಯಾದರೆ ಸುಲಿಗೆ ಜೊತೆಗೆ ಸರ್ಕಾರಿ ನೌಕರನ ವೇಷ ಹಾಕಿದ್ದಕ್ಕೆ ನ್ಯಾಯ ಸಂಹಿತೆಯ 204ನೇ ಸೆಕ್ಷನ್ ಕೂಡ ಬೀಳುತ್ತದೆ. ಅದಕ್ಕೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು. ಅಸಲಿಯಾದರೆ ಅವರ ಪಾಡು ಇನ್ನೂ ಕಷ್ಟ. ಸೇನಾ ಕಾಯ್ದೆಯ 53ನೇ ಸೆಕ್ಷನ್ ಸುಲಿಗೆಗೇ ಮೀಸಲು, 10 ವರ್ಷದವರೆಗೆ ಜೈಲು. ‘ಡ್ಯೂಟಿ ಮೇಲಿದ್ದೆ’ ಎಂಬ ರಕ್ಷಣೆಯೂ ಸಿಗುವುದು ಕಷ್ಟ. ದುಡ್ಡು ಕೀಳುವುದು ಯಾರ ಡ್ಯೂಟಿಯೂ ಅಲ್ಲವಲ್ಲ.

ನಿಮ್ಮ ಮೇಲೆ ಕೇಸ್ ಆಗುತ್ತಾ ಎಂದು ಕೇಳಿದ್ದೀರಿ. ಒಂದು ವೇಳೆ ಅವರು ಅಸಲಿ ನೌಕರರೇ ಆಗಿದ್ದು, ಇದು ಲಂಚ ಎಂಬ ಮಾತು ಬಂದರೆ, ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಟ್ಟವರೂ ತಪ್ಪಿತಸ್ಥರೇ. 2018ರ ತಿದ್ದುಪಡಿ ಅಲ್ಲೊಂದು ಬಾಗಿಲು ತೆರೆದಿಟ್ಟಿದೆ: ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಅವರ ಮೇಲೆ ಕೇಸಿಲ್ಲ. ಭಾನುವಾರ ಆಗಿದ್ದು ಅಂದಿದ್ದೀರಿ. ದಿನ ಎಣಿಸಿಕೊಂಡು ಕೂರಬೇಡಿ, ಇವತ್ತೇ ಹೋಗಿ.

ಹೋಗುವ ಮೊದಲು ಫೋನ್‌ಪೇ ತೆರೆದು ಆ ಪಾವತಿ ಮೇಲೆ ಒತ್ತಿ. ಹೆಸರು, ಸಮಯ, 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಕಾಣುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಮಾಡಿಸಿ. ಹೆದರಿಸುವವರು ನಗದೇ ಕೇಳುತ್ತಾರೆ ಎಂಬ ಕಾಲ ಹೋಯಿತು, ಈಗ ಅವರೇ ವಿಳಾಸ ಬಿಟ್ಟು ಹೋಗುತ್ತಾರೆ! ಯಾವ ಸ್ಟೇಷನ್‌ಗಾದರೂ ಹೋಗಬಹುದು, ‘ನಮ್ಮ ವ್ಯಾಪ್ತಿ ಅಲ್ಲ’ ಅನ್ನುವ ಹಾಗಿಲ್ಲ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸದಿದ್ದರೆ ಎಸ್‌ಪಿಯವರಿಗೆ ಬರೆದು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ದೂರಿನ ಒಂದು ಪ್ರತಿಯನ್ನು ಕ್ಯಾಂಪಿನ ಕಮಾಂಡಿಂಗ್ ಆಫೀಸರ್‌ಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅವರ ಟೋಪಿ ಹಾಕಿಕೊಂಡು ಯಾರೋ ದುಡ್ಡು ಎತ್ತುತ್ತಿದ್ದಾರೆ ಅಂದರೆ ಅವರಿಗೂ ಗೊತ್ತಾಗಬೇಕು.

ಪ್ರಶ್ನೆ: ತಮ್ಮ ಸೈನ್ಯದಲ್ಲಿದ್ದಾನೆ. ರಜೆಗೆ ಬಂದಾಗ ಬದುವಿನ ಜಗಳದಲ್ಲಿ ಪಕ್ಕದ ಗದ್ದೆಯವರಿಗೆ ಹೊಡೆದ. ಸೈನಿಕರ ಮೇಲೆ ಊರ ಪೊಲೀಸರು ಕೇಸ್ ಹಾಕುವ ಹಾಗಿಲ್ಲ ಅಂತಾರೆ, ನಿಜವಾ?

ಉತ್ತರ: ನಿಜವಲ್ಲ. ಕೇಸ್ ಹಾಕಬಹುದು, ಬಂಧಿಸಲೂಬಹುದು. ವಿಚಾರಣೆ ಮಾತ್ರ ಊರ ಕೋರ್ಟಿನಲ್ಲೂ ನಡೆಯಬಹುದು, ಸೈನ್ಯದ ಕೋರ್ಟ್ ಮಾರ್ಷಲ್‌ನಲ್ಲೂ ನಡೆಯಬಹುದು. ಎಲ್ಲಿ ಎಂದು ಮೊದಲು ಹೇಳುವವರು ಸೇನೆಯ ಅಧಿಕಾರಿ. ಮ್ಯಾಜಿಸ್ಟ್ರೇಟ್ ಒಪ್ಪದಿದ್ದರೆ ಕೇಂದ್ರ ಸರ್ಕಾರ ತೀರ್ಮಾನಿಸುತ್ತದೆ. ಕೊಲೆ, ಅತ್ಯಾಚಾರದಂಥದ್ದನ್ನು ನಾಗರಿಕರ ಮೇಲೆ ಎಸಗಿದರೆ, ಯುದ್ಧಸೇವೆ, ವಿದೇಶ, ಗಡಿ ಠಾಣೆ ಬಿಟ್ಟು ಬೇರೆಡೆ ಕೋರ್ಟ್ ಮಾರ್ಷಲ್ ಮಾಡುವಂತಿಲ್ಲ. ಬದುವಿನ ಜಗಳ ಅಷ್ಟು ದೊಡ್ಡದಲ್ಲ, ಬಿಡಿ. ಎಫ್‌ಐಆರ್ ಆಗಿದ್ದರೆ ತಮ್ಮನೇ ಯೂನಿಟ್‌ಗೆ ಫೋನ್ ಮಾಡಿ ತಿಳಿಸಲಿ. ಪೊಲೀಸರ ಕಾಗದ ಅಲ್ಲಿಗೆ ತಲುಪಿ, ಇವನು ಮುಚ್ಚಿಟ್ಟಿದ್ದ ಅಂತಾದರೆ, ಹೊಡೆದಾಟಕ್ಕಿಂತ ಅದರ ಉಪದ್ರವವೇ ಜಾಸ್ತಿ.