ಯಾವ ಭಾಷೆಗೆ ಹೋಗಲಿ ಮೇಡಂ?

ಮೈಸೂರಿನ ಹೆಬ್ಬಾಳದ ಕಡೆಯ ಸಾಫ್ಟ್‌ವೇರ್ ಕಂಪನಿಗಳಿಂದ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಮೊದಲ ದಿನ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. 'ನಾನು ಕಲಿತಿರೋದು ಹಳೇದಾಯ್ತು ಮೇಡಂ, ಯಾವ ಭಾಷೆಗೆ ಹೋಗಲಿ?' ನಾನು ಎಂಜಿನಿಯರ್ ಅಲ್ಲ. ಕುವೆಂಪುನಗರದಲ್ಲಿ ಒಂದು ಪುಟ್ಟ ಕೋಣೆ ಇಟ್ಟುಕೊಂಡಿರುವ ಆಪ್ತಸಲಹೆಗಾರ್ತಿ. ಕಂಪ್ಯೂಟರ್ ಭಾಷೆಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ನನಗೇನು ಗೊತ್ತು? ಆದರೂ ನನ್ನನ್ನೇ ಕೇಳುತ್ತಾರೆ. ಯಾಕೆ ಅಂತ ಒಬ್ಬ ಹುಡುಗನ ಪ್ರಕರಣದಲ್ಲಿ ನನಗೆ ಗೊತ್ತಾಯಿತು. ಬರೆಯಲು ಆ ಹುಡುಗನ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮಂಡ್ಯ ಜಿಲ್ಲೆಯವನು. ವಯಸ್ಸು ಮೂವತ್ತರ ಒಳಗೆ. ಮನೆಯಲ್ಲಿ ಕಬ್ಬು ಬೆಳೆಯುತ್ತಾರೆ. ಏಳು ವರ್ಷದಿಂದ ರೂಬಿ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಕೆಲಸ. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ರಾತ್ರಿ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ. ಅವನ ಅಕ್ಕ ಒತ್ತಾಯ ಮಾಡಿ ಕಳಿಸಿದ್ದರು. 'ನೀನು ಅಂತಲೇ ಅನ್ನಿ ಮೇಡಂ' ಎಂದು ಮೊದಲೇ ಹೇಳಿದ. ಹಾಗೇ ಮಾತಾಡಿಸಿದೆ.

ಮೊದಲ ಎರಡು ಸಲ ಬರೀ ರೂಬಿಯ ದೂರು. ಬಳಸುವ ಜನ ಜಾಸ್ತಿಯಾದರೆ ರೂಬಿ ತಡೆಯುವುದಿಲ್ಲ. ಟ್ವಿಟರ್ ಶುರುವಾಗಿದ್ದು ರೂಬಿ ಆನ್ ರೇಲ್ಸ್‌ನಲ್ಲಿ, ಬೆಳೆದ ಮೇಲೆ ಮುಖ್ಯ ಭಾಗಗಳನ್ನೆಲ್ಲ ಸ್ಕಾಲಾ ಅನ್ನುವ ಇನ್ನೊಂದು ಭಾಷೆಗೆ ಬದಲಾಯಿಸಿಕೊಂಡಿತು. 'ಅವರೇ ಬಿಟ್ಟ ಮೇಲೆ ನಾವ್ಯಾವ ಲೆಕ್ಕ ಮೇಡಂ' ಎಂದ. ಸರಿ, ಬಿಡದೆ ಉಳಿದವರು ಯಾರೂ ಇಲ್ವಾ ಎಂದು ಕೇಳಿದೆ. ಇದ್ದಾರೆ ಅಂತ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕೋಡ್ ಇಡುವ ಗಿಟ್‌ಹಬ್ ಇದೆ, ಆನ್‌ಲೈನ್ ಅಂಗಡಿಗಳನ್ನು ನಡೆಸಿಕೊಡುವ ಶಾಪಿಫೈ ಇದೆ. ಶಾಪಿಫೈನ ಎಂಜಿನಿಯರುಗಳು ರೂಬಿಯ ವೇಗ ಹೆಚ್ಚಿಸಲೆಂದೇ ವೈಜಿಟ್ ಅನ್ನುವುದನ್ನು ಕಟ್ಟಿದರು, 2021ರ ಕೊನೆಯಲ್ಲಿ ಅದು ರೂಬಿ 3.1ರ ಜೊತೆಗೇ ಬಂತು. ಇದನ್ನೆಲ್ಲ ಪಟಪಟ ಹೇಳಿ ಮತ್ತೆ ಟ್ವಿಟರ್‌ಗೇ ಬಂದು ನಿಂತ. ಗೊತ್ತಿರುವುದರಲ್ಲಿ ತನ್ನನ್ನು ಚುಚ್ಚುವುದನ್ನಷ್ಟೇ ಆರಿಸಿಕೊಳ್ಳುತ್ತಿದ್ದ. ನಾನು ಹಾಗೆಂದು ಗುರುತು ಹಾಕಿಕೊಂಡೆ.

ಇನ್ನೊಂದನ್ನೂ ಗಮನಿಸಿದೆ. ರೂಬಿಗೆ ಹೇಗೆ ಬಂದೆ ಎಂದು ಕೇಳಿದಾಗ ಅವನ ದನಿಯೇ ಬೇರೆಯಾಯಿತು. 1995ರಲ್ಲಿ ಜಪಾನಿನ ಯುಕಿಹಿರೊ ಮಾಟ್ಸುಮೊಟೊ ಇದನ್ನು ಹೊರತಂದಿದ್ದೇ ಬರೆಯುವವರಿಗೆ ಖುಷಿಯಾಗಲಿ ಅಂತ, ಐದು ಸಲ ಒಂದು ಕೆಲಸ ಮಾಡಿಸಬೇಕಾದರೆ 'ಐದು ಡಾಟ್ ಟೈಮ್ಸ್' ಎಂದು ಬರೆದರೆ ಸಾಕು ಅಂತ ಕೈಯಾಡಿಸಿಕೊಂಡು ಹೇಳಿದ. ಸಾಕಾಗಿ ಹೋದ ವಿಷಯದ ಬಗ್ಗೆ ಯಾರೂ ಹಾಗೆ ಮಾತಾಡುವುದಿಲ್ಲ.

ಮೂರನೇ ಸಲ ಬಂದಾಗ ನಿದ್ದೆ ಯಾವತ್ತಿನಿಂದ ಹೋಯಿತು ಎಂದು ಕೇಳಿದೆ. ಕಂಪನಿಯ ವೆಬ್‌ಸೈಟ್ ಮಲಗಿದ ರಾತ್ರಿಯಿಂದ ಎಂದ. ಏನಾಯಿತು, ನನಗೂ ಅರ್ಥವಾಗೋ ಹಾಗೆ ಹೇಳಪ್ಪ ಎಂದೆ.

ಹಬ್ಬದ ಮಾರಾಟದ ದಿನ. ಸಂಜೆ ಏಳರ ಹೊತ್ತಿಗೆ ಪುಟಗಳು ತೆರೆಯುವುದು ನಿಧಾನವಾಯಿತು. ಮೇಲಿನವರು ಸರ್ವರ್, ಅಂದರೆ ಸೈಟ್ ನಡೆಸುವ ಕಂಪ್ಯೂಟರ್, ಹೆಚ್ಚಿಸಿ ಎಂದರು. ಇವನು 4 ಇದ್ದದ್ದನ್ನು 12 ಮಾಡಿದ. ನಿಧಾನವಾಗಿದ್ದ ಸೈಟ್ ಪೂರ್ತಿ ನಿಂತೇ ಹೋಯಿತು.

ಸರ್ವರ್ ಹೆಚ್ಚಿಸಿದರೆ ಸರಿಹೋಗಬೇಕಲ್ವಾ ಎಂದು ಕೇಳಿದೆ. ಅವನು ನನ್ನ ಮುಂದಿದ್ದ ಪ್ಯಾಡ್ ಎಳೆದುಕೊಂಡ. 'ಸಕ್ಕರೆ ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರ್ ಸಾಲು ನೋಡಿದೀರಲ್ಲ ಮೇಡಂ? ಟ್ರ್ಯಾಕ್ಟರ್ ಜಾಸ್ತಿ ಕಳಿಸಿದ್ರೆ ಕಬ್ಬು ಬೇಗ ಅರೆಯುತ್ತಾ? ಮಿಲ್ಲು ದಿನಕ್ಕೆ ಅರೆಯೋದು ಅಷ್ಟೇ. ಸಾಲು ಉದ್ದ ಆಗುತ್ತೆ, ಕಡಿದ ಕಬ್ಬು ಒಣಗಿ ತೂಕ ಕಳ್ಕೊಳ್ಳುತ್ತೆ. ಅದಕ್ಕೇ ತಾನೇ ಕಟಾವಿಗೆ ಪರ್ಮಿಟ್ ಕೊಡೋದು.' ಸರ್ವರ್‌ಗಳು ಟ್ರ್ಯಾಕ್ಟರ್, ಮಾಹಿತಿಯನ್ನೆಲ್ಲ ಇಟ್ಟಿರುವ ಡೇಟಾಬೇಸ್ ಮಿಲ್ಲು. ಆಮೇಲೆ ಲೆಕ್ಕ ಬರೆದ. ಒಂದೊಂದು ಸರ್ವರಿನಲ್ಲಿ ಪ್ರೋಗ್ರಾಮಿನ 2 ಪ್ರತಿ (ಪ್ರೊಸೆಸ್), ಒಂದೊಂದರಲ್ಲೂ ಕೆಲಸ ಮಾಡುವ ಕೈಗಳಂತೆ 5 ಥ್ರೆಡ್. ಪ್ರತಿ ಥ್ರೆಡ್ಡಿಗೂ ಡೇಟಾಬೇಸಿಗೆ ಒಂದು ಕನೆಕ್ಷನ್ ಬೇಕು. 4 ಸರ್ವರ್ ಇದ್ದಾಗ 40. 12 ಆದಾಗ 120. ಪೋಸ್ಟ್‌ಗ್ರೆಸ್ ಡೇಟಾಬೇಸ್, ನಾವಾಗಿ ಬದಲಾಯಿಸದಿದ್ದರೆ, ಒಮ್ಮೆಗೆ ತೆಗೆದುಕೊಳ್ಳುವುದು 100. ಆ ನೂರರ ಕೆಳಗೆ ಎರಡು ಗೆರೆ ಎಳೆದ.

ಮಿಲ್ಲು ನಿಧಾನ ಆಗಿದ್ದಾದರೂ ಯಾಕೆ ಎಂದು ಕೇಳಿದೆ. ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ನಾನು ಸುಮ್ನೆ ಕೂತೆ.

ಒಂದು ಪುಟದಲ್ಲಿ 50 ಆರ್ಡರುಗಳ ಪಟ್ಟಿ ಬರುತ್ತದೆ. ಪಟ್ಟಿ ತರಲು ಡೇಟಾಬೇಸಿಗೆ ಒಂದು ಸಲ ಹೋಗಬೇಕು. ಆಮೇಲೆ ಪ್ರತಿ ಆರ್ಡರಿನ ಸಾಮಾನು ತರಲು ಒಂದೊಂದು ಸಲ. ಒಟ್ಟು 51. ದಿನಸಿ ಚೀಟಿ ಬರೆದುಕೊಳ್ಳದೆ ಒಂದೊಂದು ಸಾಮಾನಿಗೂ ಅಂಗಡಿಗೆ ಓಡಿದ ಹಾಗೆ. ಜೊತೆಗೆ ಡೇಟಾಬೇಸಿನಲ್ಲಿ ಸಾಮಾನಿನ ಟೇಬಲ್ಲಿಗೆ, ಪುಸ್ತಕದ ಪದಸೂಚಿಯಂಥ ಇಂಡೆಕ್ಸ್ ಹಾಕಿರಲಿಲ್ಲ. ಹಾಗಾಗಿ ಪ್ರತಿ ಸಲವೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹುಡುಕಾಟ. ಈ ಕೋಡ್ ಬರೆದಾಗ ಆ ಟೇಬಲ್ಲಿನಲ್ಲಿ ಇದ್ದದ್ದು ಸಾವಿರ ಸಾಲು, ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ವರ್ಷದಲ್ಲಿ ಲಕ್ಷಗಟ್ಟಲೆ ಆಯಿತು. ಬೆಳಗಿನ ಜಾವ ಮೂರಕ್ಕೆ ಇವನು ಒಬ್ಬನೇ ಕೂತು ಇದನ್ನು ಹಿಡಿದ. 'ಇನ್‌ಕ್ಲೂಡ್ಸ್' ಎಂದು ಒಂದು ಪದ ಸೇರಿಸಿದ. 51 ಸಲದ ಓಡಾಟ ಎರಡೇ ಸಲಕ್ಕೆ ಬಂತು. ಇಂಡೆಕ್ಸ್ ಹಾಕಿದ, ಸರ್ವರ್‌ಗಳನ್ನು ಮತ್ತೆ 4ಕ್ಕೆ ಇಳಿಸಿದ. ಸೈಟ್ ಎದ್ದಿತು.

'ಆ ಕೋಡ್ ಬರೆದವನು ನಾನೇ ಮೇಡಂ.'

ಬೆಳಿಗ್ಗೆ ಮೀಟಿಂಗ್. ರೂಬಿ ಈ ಲೋಡು ತಡೆಯಲ್ಲ, ಎಲ್ಲ ಗೋ ಭಾಷೆಯಲ್ಲಿ ಹೊಸದಾಗಿ ಬರೆಯೋಣ ಎಂದು ಮೇಲಿನವರು ತೀರ್ಮಾನಿಸಿದರು. ಇವನು ತಲೆಯಾಡಿಸಿದ. ಗೋದಲ್ಲಿ 51 ಸಲ ಓಡಿಸಿದರೆ ಅದೂ 51 ಸಲವೇ ಓಡುತ್ತದೆ ಎಂದು ಗೊತ್ತಿದ್ದವನು ಆ ಕೋಣೆಯಲ್ಲಿ ಇವನೊಬ್ಬನೇ. ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳಿಂದ ಆರು ಜನ ಹೊಸದಾಗಿ ಬರೆಯುತ್ತಿದ್ದರು.

ಇದು ಇನ್ನು ಯಾರಿಗೆ ಗೊತ್ತು ಎಂದು ಕೇಳಿದೆ.

'ನಿಮಗೆ.'

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ. 'ಭಾಷೆ ಬದಲಾದ್ರೆ ಹಳೇ ಕೋಡ್ ಯಾರೂ ತೆಗೆದು ನೋಡಲ್ಲ, ಅಲ್ವಾ ಮೇಡಂ?'

ಆ ಮಾತು ಕೇಳಿ ನನ್ನ ಮೈ ತಣ್ಣಗಾಯಿತು. ಎಷ್ಟು ಜನ ಇದೇ ಕುರ್ಚಿಯಲ್ಲಿ ಕೂತು ಯಾವ ಭಾಷೆ ಕಲಿಯಲಿ ಎಂದು ಕೇಳಿದ್ದರು! ನಾನು ಕೋರ್ಸು, ಮಾರ್ಕೆಟ್ಟು, ಸಂಬಳ ಅಂತ ಉತ್ತರ ಕೊಟ್ಟು ಕಳಿಸಿದ್ದೆ. ಅವರಲ್ಲಿ ಎಷ್ಟು ಜನರ ಹೊಟ್ಟೆಯಲ್ಲಿ ಹೀಗೊಂದು ರಾತ್ರಿ ಇತ್ತೋ.

ಯಾವ ಸಾಲನ್ನು ಯಾರು, ಯಾವತ್ತು ಬರೆದರು ಎಂದು ತೋರಿಸುವ ಒಂದು ಕಮಾಂಡ್ ಇವರ ಕೆಲಸದಲ್ಲಿ ಇದೆ. ಅದರ ಹೆಸರು 'ಗಿಟ್ ಬ್ಲೇಮ್'. ಯಾರಾದರೂ ಹೊಡೆದು ನೋಡಿಬಿಟ್ಟರೆ ಎಂದು ಈ ಹುಡುಗ ದಿನಾ ಹೆದರುತ್ತಿದ್ದ. ಅದೊಂದು ಸಾಮಾನ್ಯ ಕಮಾಂಡ್, ದಿನಕ್ಕೆ ಹತ್ತು ಸಲ ಬಳಸುತ್ತಾರೆ. ಹೆದರಿದವನಿಗೆ ಹೆಸರೇ ಸಾಕು.

ನಾನು ಕೊಟ್ಟ ಸಲಹೆ ಇದು. ಇದನ್ನು ಹೇಳುವ ತನಕ ರಾಜೀನಾಮೆ ಬೇಡ, ಹೊಸ ಭಾಷೆಯ ಮಾತೂ ಬೇಡ. ಮೊದಲು ಟೀಮ್ ಲೀಡ್ ಹತ್ತಿರ ಹೋಗಿ ಬಾಯಲ್ಲಿ ಹೇಳು. ಆಮೇಲೆ ಬರೆದುಕೊಡು. ಕ್ಷಮಾಪಣೆ ಪತ್ರ ಬರೆಯಬೇಡ. ಎಷ್ಟು ಗಂಟೆಗೆ ಏನಾಯಿತು, ಏನು ಮಾಡಿದಾಗ ಕೆಟ್ಟಿತು, ಏನು ಮಾಡಿದಾಗ ಸರಿಹೋಯಿತು, ಲೆಕ್ಕ ಎಷ್ಟು, ಅಷ್ಟೇ ಇರಲಿ. ನಿನ್ನ ಹೆಸರು ಒಂದು ಸಲ ಬಂದರೆ ಸಾಕು. ಇಂಥ ವರದಿಗೆ ಅವರು ಪೋಸ್ಟ್‌ಮಾರ್ಟಂ ಎನ್ನುತ್ತಾರೆ. ಯಾರನ್ನೂ ದೂರದೆ ಬರೆಯುವುದು ಒಳ್ಳೆಯ ಟೀಮುಗಳಲ್ಲಿ ರೂಢಿ. ಈ ರೂಢಿ ಅವನಿಗೆ ಗೊತ್ತಿತ್ತು, ತನಗೂ ಅನ್ವಯಿಸುತ್ತದೆ ಅಂತ ಅನ್ನಿಸಿರಲಿಲ್ಲ. ನಿದ್ದೆಗೆ ವೈದ್ಯರ ಹತ್ತಿರವೂ ಕಳಿಸಿದೆ.

ಇದೇ ಕೆಲಸದಲ್ಲಿರುವ ನನ್ನ ಗೆಳತಿಗೆ ನಾನು ಮಾಡಿದ್ದು ಹಿಡಿಸಲಿಲ್ಲ. 'ಅವನ ಕೆಲಸ ಹೋದರೆ ನೀನು ಜವಾಬ್ದಾರಿ ತಗೋತೀಯಾ? ಮನಸ್ಸು ಹಗುರ ಮಾಡೋದಷ್ಟೇ ನಮ್ಮ ಕೆಲಸ' ಎಂದಳು. ಅವಳ ಭಯ ನನಗೂ ಇತ್ತು. ಅದಕ್ಕೇ ಸಲಹೆ ಕೊಡುವ ಮೊದಲು ಕೈಯಲ್ಲಿ ಎಷ್ಟಿದೆ, ಸಾಲದ ಕಂತು ಎಷ್ಟು, ಕೆಲಸವಿಲ್ಲದೆ ಎಷ್ಟು ತಿಂಗಳು ತಡೆಯಬಹುದು ಎಂದು ಕೇಳಿಕೊಂಡಿದ್ದೆ. ಆರು ತಿಂಗಳು ಎಂದ. ಎರಡೇ ತಿಂಗಳು ಎಂದಿದ್ದರೆ ಬೇರೆ ದಾರಿ ಹುಡುಕುತ್ತಿದ್ದೆ. ಆದರೆ ಹೇಳದೆ ಮನಸ್ಸು ಹಗುರವಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆರು ಜನರ ದುಡಿಮೆ ಒಂದು ಸುಳ್ಳಿನ ಮೇಲೆ ನಡೆಯುತ್ತಿತ್ತು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಅವನನ್ನು ಮನೆಗೆ ಕಳಿಸಿದ್ದರೆ ಆ ಸುಳ್ಳಿನಲ್ಲಿ ನಾನೂ ಪಾಲುದಾರಳಾಗುತ್ತಿದ್ದೆ. ಅವನು ಹೇಳಲು ಹೋದ ದಿನ ಮಾತ್ರ ನಾನು ಫೋನ್ ಕೈಯಲ್ಲೇ ಹಿಡಿದುಕೊಂಡಿದ್ದೆ.

ಟೀಮ್ ಲೀಡ್ ಕೋಡಿನ ತಪ್ಪಿಗೆ ಏನೂ ಅನ್ನಲಿಲ್ಲ. ನಾಲ್ಕು ತಿಂಗಳು ಸುಮ್ಮನಿದ್ದದ್ದಕ್ಕೆ ಬಹಳ ಸಿಟ್ಟಾದರು. ಆ ಸಿಟ್ಟು ನ್ಯಾಯವೇ. ವರದಿ ಓದಿದ ಮೇಲೆ ಹೊಸ ಬರವಣಿಗೆಯನ್ನು ಒಂದು ಭಾಗಕ್ಕೆ ಮಾತ್ರ ಸೀಮಿತ ಮಾಡಿದರು, ಉಳಿದದ್ದು ರೂಬಿಯಲ್ಲೇ ಇದೆ. ಆ ವರ್ಷ ಇವನಿಗೆ ಸಂಬಳ ಹೆಚ್ಚಾಗಲಿಲ್ಲ. ನಿದ್ದೆ ಬರಲು ಆರು ವಾರ ಬೇಕಾಯಿತು.

ಕಳೆದ ಸಲ ಮನೆಯ ಬೆಲ್ಲ ತಂದಿದ್ದ. ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆಯಂತೆ, ಬೆಂಗಳೂರಿನದು ರೂಬಿ, ಇಲ್ಲಿಯದು ಗೋ. ಇಂಟರ್‌ವ್ಯೂನಲ್ಲಿ ಎರಡೂ ಕಡೆ ಆ ರಾತ್ರಿಯ ಕಥೆಯನ್ನು 120ರ ಲೆಕ್ಕದ ಸಮೇತ ಅವನೇ ಹೇಳಿದ್ದಾನೆ. ಯಾವುದಕ್ಕೆ ಹೋಗಲಿ ಎಂದು ಕೇಳಿದ. ಗುರುವಾರ ಬಾ, ಮಾತಾಡೋಣ ಎಂದಿದ್ದೇನೆ.